ಕಬ್ಬಿಣದ ಮೇಲಿನ ಶಾಸನ

ಶಾಸನವೆಂದರೆ ನಮಗೆ ಕಲ್ಲು ನೆನಪಾಗುತ್ತದೆ. ತಾಮ್ರದ ತಗಡು ನೆನಪಾಗುತ್ತದೆ. ಕಬ್ಬಿಣದ ಮೇಲೆ ಬರೆದ ಶಾಸನಗಳೂ ಉಂಟೆಂಬುದು, ಅವುಗಳಲ್ಲಿಯೂ ಕೂಟಶಾಸನಗಳು ಉಂಟೆಂಬುದು, ಮೂವತ್ತು ವರ್ಷಕ್ಕೂ ಮೀರಿ ಇತಿಹಾಸದ ಪಾಠ ಹೇಳಿದ ನನಗೆ ತಿಳಿದದ್ದು ನಿವೃತ್ತನಾದ ಮೇಲೆ; ಅದೂ ಆಸ್ಟ್ರೇಲಿಯದ ಮೆಲ್ಬರ್ನ್ ನಗರದ ಹೊರವಲಯದಲ್ಲಿದ್ದ ಒಂದು ಕಾರ್ ಶೆಡ್ಡಿನಲ್ಲಿ.

ಇಂದಿನ ನನ್ನ ಮಾತು ಆಸ್ಟ್ರೇಲಿಯದ ಹಳೆಯ ಮೋಟಾರು ಕಾರುಗಳನ್ನು ಕುರಿತದ್ದು. ಯಾವ ಕಾರಿಗೆ ಕಾರ್ಖಾನೆಯಲ್ಲಿ ಯಾವ ಎಂಜಿನ್ನನ್ನೂ ಯಾವ ಗೇರ್‌ಬಾಕ್ಸನ್ನೂ ಜೋಡಿಸಿದ್ದರು ಎಂಬುದನ್ನು ಐವತ್ತು ಅರವತ್ತು ವರ್ಷಗಳ ಮೇಲೆ ಪತ್ತೆಹಚ್ಚುವ ಬಗೆ ಹೇಗೆ ಎಂಬುದು ವಿಷಯ. ಮೋಟಾರಿನ ಮಾತಿಗೆ ಇತಿಹಾಸದ ಮೇಷ್ಟರೇಕೆ ಎಂದು ಕೇಳುಗರು ಹುಬ್ಬೇರಿಸಬಹುದು. ನನಗೆ ಕಾರು ನಡೆಸಲು ಬರುವುದಿಲ್ಲ ಎಂಬುದನ್ನೂ ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಆದರೆ ‘ಇದು ಮೂಲದ್ದೆ, ಆಮೇಲೆ ಸೇರಿದ್ದೆ?’ ಎಂಬ ಪ್ರಶ್ನೆ ನನ್ನ ಕಸುಬಿನ ಪ್ರಶ್ನೆ. ಅದು ಓಲೆಗರಿಯ ಮುಂದೆ ಎದ್ದರೂ ಒಂದೇ, ಎಣ್ಣೆಜಿಡ್ಡು ಹಿಡಿದ ಎಂಜಿನ್ನಿನ ಮುಂದೆ ಎದ್ದರೂ ಒಂದೇ.

2019ರಲ್ಲಿ ನಾಲ್ಕು ತಿಂಗಳು ನಾನು ಮಗಳ ಮನೆಯಲ್ಲಿದ್ದೆ. ಬೇಲಿಯ ಆಚೆ ಒಬ್ಬ ಇಟಲಿಯ ಮುದುಕರು. ವಯಸ್ಸು ಎಂಬತ್ತನ್ನು ದಾಟಿತ್ತು. ಹೆಂಡತಿ ತೀರಿಕೊಂಡು ಆರು ವರ್ಷವಾಗಿತ್ತು. ಯೌವನದಲ್ಲಿ ಹಡಗು ಹತ್ತಿ ಬಂದು, ಮೂರು ದಶಕ ಕಾರಿನ ಕಾರ್ಖಾನೆಯಲ್ಲಿ ಎಂಜಿನ್ನಿಗೆ ಗೇರ್‌ಬಾಕ್ಸ್ ಜೋಡಿಸುವ ಸಾಲಿನಲ್ಲಿ ನಿಂತು ದುಡಿದವರು. ಹಿತ್ತಿಲಲ್ಲಿ ಟೊಮೇಟೊ, ದ್ರಾಕ್ಷಿಯ ಚಪ್ಪರ. ಪಕ್ಕದ ಶೆಡ್ಡಿನಲ್ಲಿ ಬಟ್ಟೆ ಹೊದಿಸಿ ನಿಲ್ಲಿಸಿದ್ದ ಒಂದು ಕಾರು. ಅದು 1964ರ ಇ.ಎಚ್. ಮಾದರಿಯ ಹೋಲ್ಡನ್. ಅವರ ಮೊಮ್ಮಗ ಅದನ್ನು ಮಾರಬೇಕೆಂದು ಹೊರಟಿದ್ದ. ಕಾರಣವಿಲ್ಲದೆ ಅಲ್ಲ; ಅಜ್ಜನನ್ನು ನೋಡಿಕೊಳ್ಳಲು ದಿನವೂ ಒಬ್ಬರು ಬರಬೇಕಾದ ಕಾಲ ಹತ್ತಿರವಾಗಿತ್ತು, ಅದಕ್ಕೆ ಹಣ ಬೇಕಿತ್ತು. ಕಾರು ‘ಮೂಲಸ್ಥಿತಿಯಲ್ಲಿ’ ಇದೆಯೆಂದು ತೋರಿಸಿಕೊಟ್ಟರೆ ಒಳ್ಳೆಯ ಬೆಲೆ ಬರುತ್ತದೆ. ಅದು ‘ಎಸ್4’ ಎಂಬ ಜಾತಿಯದೆಂದು ಸ್ಥಾಪಿಸಿದರಂತೂ ಬೆಲೆಯೇ ಬೇರೆ. ಮೊಮ್ಮಗನಿಗೆ ಅದು ಎಸ್4 ಎಂದೇ ನಂಬಿಕೆ. ಮುದುಕರು ಮಾತ್ರ ಹೌದೆನ್ನಲಿಲ್ಲ, ಇಲ್ಲವೆನ್ನಲಿಲ್ಲ, ನನ್ನ ಕಡೆ ನೋಡಿ, “ಪ್ರೊಫೆಸರ್, ನೀವು ಹಳೆಯ ಬರಹ ಓದುವವರಲ್ಲವೆ? ಇದನ್ನು ಓದಿ ನೋಡಿ” ಎಂದರು.

ಓದುವ ಮೊದಲು ಭಾಷೆ ಕಲಿಯಬೇಕಷ್ಟೆ. ನಾನು ಆ ಭಾಷೆಯ ಅಕ್ಷರಾಭ್ಯಾಸಕ್ಕೆ ತೊಡಗಿದೆ.

ಹೋಲ್ಡನ್ ಎಂಬ ಹೆಸರು ಮೋಟಾರಿಗಿಂತ ಹಳೆಯದು. 1856ರಲ್ಲಿ ಜೇಮ್ಸ್ ಅಲೆಕ್ಸಾಂಡರ್ ಹೋಲ್ಡನ್ ಎಂಬುವರು ಅಡಿಲೇಡ್ ಪಟ್ಟಣದಲ್ಲಿ ಕುದುರೆಯ ಜೀನು ಮಾಡುವ ಅಂಗಡಿ ತೆರೆದರು. ಜೀನಿನಿಂದ ಗಾಡಿಯ ಹೊದಿಕೆಗೆ, ಗಾಡಿಯಿಂದ ಮೋಟಾರಿನ ಬಾಡಿ ಕಟ್ಟುವ ಕೆಲಸಕ್ಕೆ ಆ ಮನೆತನದ ವ್ಯಾಪಾರ ಬೆಳೆಯಿತು. 1931ರಲ್ಲಿ ಅದು ಅಮೆರಿಕದ ಜನರಲ್ ಮೋಟಾರ್ಸ್ ಸಂಸ್ಥೆಯೊಡನೆ ಸೇರಿತು. ಎರಡನೆಯ ಮಹಾಯುದ್ಧ ಮುಗಿದ ಮೇಲೆ, ತಮ್ಮ ದೇಶದ ಕಾರನ್ನು ತಮ್ಮ ದೇಶದಲ್ಲಿಯೇ ಮಾಡಬೇಕೆಂಬ ಹಂಬಲ ಆಸ್ಟ್ರೇಲಿಯದಲ್ಲಿ ಬಲವಾಯಿತು. 1948ರ ನವೆಂಬರ್ 29ರಂದು ಮೆಲ್ಬರ್ನಿನ ಫಿಷರ್‌ಮನ್ಸ್ ಬೆಂಡ್ ಕಾರ್ಖಾನೆಯಲ್ಲಿ ಪ್ರಧಾನಮಂತ್ರಿ ಬೆನ್ ಚಿಫ್ಲಿ ಅವರು ಮೊದಲ ಹೋಲ್ಡನ್ ಕಾರನ್ನು ಅನಾವರಣ ಮಾಡಿದರು. ಅದರ ಮಾದರಿಸಂಖ್ಯೆ 48-215. ಒಳಗೆ ಆರು ಸಿಲಿಂಡರಿನ, 132.5 ಘನ ಅಂಗುಲದ, ಅಂದರೆ ನಮ್ಮ ಲೆಕ್ಕದಲ್ಲಿ ಸುಮಾರು 2.2 ಲೀಟರಿನ ಎಂಜಿನ್, 60 ಅಶ್ವಶಕ್ತಿ. ಗೇರು ಮೂರು, ಹಲ್ಲೆ ಸ್ಟೀರಿಂಗಿನ ಪಕ್ಕದಲ್ಲಿ. ಆ ಎಂಜಿನ್ನಿಗೆ ಬಳಿದ ಬಣ್ಣ ಬೂದು. ಹೀಗಾಗಿ ಜನ ಅದನ್ನು ‘ಬೂದು ಮೋಟಾರು’ ಎಂದು ಕರೆದರು. ಹದಿನೈದು ವರ್ಷ ಆ ದೇಶದ ಧೂಳುರಸ್ತೆಗಳಲ್ಲಿ ಹಾಲಿನವನನ್ನೂ ಅಂಚೆಯವನನ್ನೂ ಹೊಸದಾಗಿ ಬಂದ ವಲಸೆಗಾರನನ್ನೂ ಹೊತ್ತು ತಿರುಗಿದ್ದು ಅದೇ ವಂಶದ ಎಂಜಿನ್.

1963ರ ಆಗಸ್ಟಿನಲ್ಲಿ ಇ.ಎಚ್. ಮಾದರಿ ಬಂದಾಗ ಬೂದು ಹೋಗಿ ಕೆಂಪು ಬಂತು. ಕೆಂಪು ಬಳಿದ ಈ ಹೊಸ ಎಂಜಿನ್ನಿನ ಕ್ರ್ಯಾಂಕ್ ದಂಡಕ್ಕೆ ನಾಲ್ಕರ ಬದಲು ಏಳು ಬೇರಿಂಗುಗಳ ಆಸರೆ. ಗಾತ್ರದಲ್ಲಿ ಎರಡು ಬಗೆ: 149 ಘನ ಅಂಗುಲದ್ದು ಒಂದು, 179ರದು ಇನ್ನೊಂದು. ಚಿಕ್ಕದಕ್ಕೆ 100 ಅಶ್ವಶಕ್ತಿ, ದೊಡ್ಡದಕ್ಕೆ 115. ಹದಿನೆಂಟು ತಿಂಗಳಲ್ಲಿ ಎರಡೂವರೆ ಲಕ್ಷಕ್ಕೂ ಮೀರಿ ಇ.ಎಚ್. ಕಾರುಗಳು ಮಾರಾಟವಾದುವು. ನಮ್ಮ ಕಥೆಯ ಗಂಟು ಇರುವುದು ಮುಂದಿನ ಮಾತಿನಲ್ಲಿ. ಮೊದಮೊದಲು 179ರ ಎಂಜಿನ್ನನ್ನು ಹೈಡ್ರಮ್ಯಾಟಿಕ್ ಎಂಬ, ತಾನೇ ಗೇರು ಬದಲಿಸಿಕೊಳ್ಳುವ ಪೆಟ್ಟಿಗೆಯೊಡನೆ ಮಾತ್ರ ಕೊಡುತ್ತಿದ್ದರು. ಕೈಯಿಂದ ಗೇರು ಹಾಕಬೇಕೆನ್ನುವವನಿಗೆ 149ರದೇ ಗತಿ. 179 ಮತ್ತು ಕೈಗೇರು, ಈ ಎರಡರ ಮದುವೆ ಮೊದಲು ನಡೆದದ್ದು ಒಂದು ಓಟದ ಪಂದ್ಯಕ್ಕಾಗಿ.

ನ್ಯೂ ಸೌತ್ ವೇಲ್ಸ್ ರಾಜ್ಯದಲ್ಲಿ ಬ್ಯಾಥರ್ಸ್ಟ್ ಎಂಬ ಊರುಂಟು. ಊರಿನ ಪಕ್ಕದಲ್ಲಿ ಮೌಂಟ್ ಪ್ಯಾನೊರಾಮ ಎಂಬ ಗುಡ್ಡ. ಗುಡ್ಡವನ್ನು ಹತ್ತಿ ಇಳಿಯುವ, ಆರು ಕಿಲೋಮೀಟರಿಗೂ ಮಿಗಿಲಾದ ಸುತ್ತುರಸ್ತೆ. 1963ರಲ್ಲಿ ಐನೂರು ಮೈಲಿಯ ಕಾರುಪಂದ್ಯ ಫಿಲಿಪ್ ದ್ವೀಪದಿಂದ ಆ ಊರಿಗೆ ಬಂತು. ಅದರ ನಿಯಮ ವಿಶಿಷ್ಟವಾದದ್ದು. ಪಂದ್ಯಕ್ಕೆಂದೇ ಗುಟ್ಟಾಗಿ ಕಟ್ಟಿದ ಯಂತ್ರಗಳಿಗೆ ಅಲ್ಲಿ ಪ್ರವೇಶವಿಲ್ಲ. ಯಾವ ಗಿರಾಕಿಯಾದರೂ ಅಂಗಡಿಗೆ ಹೋಗಿ ಕೊಳ್ಳಬಹುದಾದ ಕಾರೇ ಓಡಬೇಕು. ನಿಯಮ ಪ್ರಾಮಾಣಿಕವಾದದ್ದೇ. ಆದರೆ ಅದರ ಫಲ ವಿಚಿತ್ರವಾಯಿತು. ಗೆಲ್ಲಬೇಕೆಂದಿದ್ದ ಕಾರ್ಖಾನೆಗಳು ಪಂದ್ಯದ ಕಾರನ್ನೇ ಅಂಗಡಿಯಲ್ಲಿಟ್ಟು ಮಾರತೊಡಗಿದುವು. ಇ.ಎಚ್. ಎಸ್4 ಹಾಗೆ ಹುಟ್ಟಿತು. 179ರ ಎಂಜಿನ್, ಬಲಪಡಿಸಿದ ಮೂರು ಗೇರಿನ ಕೈಪೆಟ್ಟಿಗೆ, ದೊಡ್ಡ ಪೆಟ್ರೋಲ್ ಟ್ಯಾಂಕು. ಮಾಡಿದ್ದು ನೂರಿಪ್ಪತ್ತರ ಆಸುಪಾಸು. ಆ ವರ್ಷ ಗೆದ್ದದ್ದು ಹ್ಯಾರಿ ಫರ್ತ್ ಮತ್ತು ಬಾಬ್ ಜೇನ್ ನಡೆಸಿದ ಫೋರ್ಡ್ ಕಾರ್ಟಿನಾ. ಎಸ್4 ಸೋತಿತು. ಆದರೆ ಅದು ತೆರೆದ ದಾರಿಯಲ್ಲಿ ಮುಂದೆ ದೊಡ್ಡ ಮೆರವಣಿಗೆಯೇ ಹೊರಟಿತು.

1968ರಲ್ಲಿ ಉತ್ತರ ಅಮೆರಿಕದಿಂದ ತರಿಸಿದ 327 ಘನ ಅಂಗುಲದ ಷೆವ್ರೊಲೆ ಎಂಜಿನ್ ಹೊತ್ತ ಹೋಲ್ಡನ್ ಮೊನಾರೊ ಬ್ಯಾಥರ್ಸ್ಟಿನಲ್ಲಿ ಗೆದ್ದಿತು. 1971ರಲ್ಲಿ ಅಲನ್ ಮೊಫಟ್ ಗೆದ್ದದ್ದು ಫೋರ್ಡ್ ಸಂಸ್ಥೆಯ ಫಾಲ್ಕನ್ ಜಿ.ಟಿ.-ಎಚ್.ಓ. ಮೂರನೆಯ ಹಂತದ ಕಾರಿನಲ್ಲಿ. 351 ಘನ ಅಂಗುಲದ ಎಂಟು ಸಿಲಿಂಡರಿನ ಎಂಜಿನ್, ನಾಲ್ಕು ಗೇರಿನ ಕೈಪೆಟ್ಟಿಗೆ, ಮಾಡಿದ್ದು 300. ಕ್ರೈಸ್ಲರ್ ಸಂಸ್ಥೆ ಅದೇ ವರ್ಷ ವೇಲಿಯಂಟ್ ಚಾರ್ಜರ್ ಎಂಬ ಎರಡು ಬಾಗಿಲಿನ ಕಾರನ್ನು ತಂದಿತು. ಮಕ್ಕಳನ್ನು ಶಾಲೆಗೆ ಬಿಡುವ ಕಾರಿನ ಹೊದಿಕೆಯೊಳಗೆ ಪಂದ್ಯದ ಯಂತ್ರ ಅಡಗಿ ಕುಳಿತ ಕಾಲ ಅದು. 1972ರಲ್ಲಿ ಪತ್ರಿಕೆಗಳು ಇದನ್ನು ಹಿಡಿದು ದೊಡ್ಡ ಗದ್ದಲವೆಬ್ಬಿಸಿದುವು. ಹುಡುಗರ ಕೈಗೆ ಇಂಥ ವೇಗವನ್ನು ಕೊಡಬಹುದೆ ಎಂದು ಸಾರಿಗೆ ಮಂತ್ರಿಗಳು ಕೇಳಿದರು. ಫಾಲ್ಕನ್ನಿನ ನಾಲ್ಕನೆಯ ಹಂತ ಅಂಗಡಿಗೆ ಬರುವ ಮೊದಲೇ ನಿಂತಿತು. 1973ರಿಂದ ಪಂದ್ಯದ ನಿಯಮವೂ ಬದಲಾಯಿತು. ಹೀಗೆ ಹತ್ತೇ ವರ್ಷಗಳ ಅವಧಿಯಲ್ಲಿ, ನಿಯಮದ ಒತ್ತಡಕ್ಕೆ ಸಿಕ್ಕಿ, ಕೆಲವು ನೂರರ ಸಂಖ್ಯೆಯಲ್ಲಿ ಮಾತ್ರ ಹುಟ್ಟಿದ ಜೋಡಣೆಗಳು ಇವು. ಒಂದು ಎಂಜಿನ್ನೂ ಒಂದು ಗೇರ್‌ಬಾಕ್ಸೂ ಸೇರಿದ್ದು ಬರಿಯ ಯಂತ್ರಶಾಸ್ತ್ರದಿಂದಲ್ಲ. ಅದರ ಹಿಂದೆ ಪಂದ್ಯದ ನಿಯಮ, ಮಾರುಕಟ್ಟೆಯ ಪೈಪೋಟಿ, ಸರ್ಕಾರದ ಭೀತಿ, ಒಂದು ಹೊಸ ದೇಶದ ಅಭಿಮಾನ ಎಲ್ಲವೂ ಸೇರಿಕೊಂಡಿವೆ. ಆದಕಾರಣವೇ ಆ ಜೋಡಣೆ ಇತಿಹಾಸದ ಆಧಾರವಾಗುತ್ತದೆ.

ಆದರೆ ಆಧಾರಗಳು ಉಳಿಯಬೇಕಲ್ಲ! ಕಾರು ದೇವರ ವಿಗ್ರಹವಲ್ಲ. ದಿನವೂ ದುಡಿಯುವ ಎತ್ತು. ಎಂಜಿನ್ ಸವೆಯುತ್ತದೆ, ಬ್ಲಾಕು ಬಿರಿಯುತ್ತದೆ, ಗೇರಿನ ಹಲ್ಲು ಮುರಿಯುತ್ತದೆ. ಒಡೆಯ ಗುಜರಿಗೆ ಹೋಗುತ್ತಾನೆ. ಅಪಘಾತದಲ್ಲಿ ಜಜ್ಜಿಹೋದ ಇನ್ನೊಂದು ಕಾರಿನ ಎಂಜಿನ್ನನ್ನು ಅಗ್ಗಕ್ಕೆ ತಂದು ಕೂರಿಸುತ್ತಾನೆ. ಹೋಲ್ಡನ್ನಿನ ಕೆಂಪು ವಂಶದಲ್ಲಂತೂ ಇದು ಬಹಳ ಸುಲಭ. 149, 161, 173, 179, 186, 202 ಎಂದು ಗಾತ್ರಗಳು ಬದಲಾದರೂ ಹೊರಮೈ ಅಣ್ಣತಮ್ಮಂದಿರ ಮುಖದಂತೆ ಹೋಲುತ್ತದೆ; ಒಂದರ ಜಾಗದಲ್ಲಿ ಇನ್ನೊಂದು ಹೆಚ್ಚು ತಕರಾರಿಲ್ಲದೆ ಕೂರುತ್ತದೆ. 1970ರ ದಶಕದಲ್ಲಿ ಇದನ್ನು ಯಾರೂ ತಪ್ಪೆನ್ನಲಿಲ್ಲ. ಹಳೆಯ ಕಾರು ಆಗಿನ್ನೂ ಬರಿಯ ಹಳೆಯ ಕಾರಾಗಿತ್ತು.

ಈಗ ಹಾಗಲ್ಲ. ಕ್ರಿಕೆಟ್ ನೋಡುವ ನಮ್ಮವರಿಗೆ ಜೆಫ್ ಥಾಮ್ಸನ್ ಹೆಸರು ಗೊತ್ತು; ಬ್ಯಾಟುಗಾರರ ಎದೆ ನಡುಗಿಸಿದ ವೇಗದ ಬೌಲರು. ಅವರ ಬಳಿ ಹಿಂದೊಮ್ಮೆ ಇದ್ದ ಫಾಲ್ಕನ್ ಜಿ.ಟಿ.-ಎಚ್.ಓ. ಮೂರನೆಯ ಹಂತದ ಕಾರು 2018ರ ಹರಾಜಿನಲ್ಲಿ ಹತ್ತು ಲಕ್ಷ ಆಸ್ಟ್ರೇಲಿಯನ್ ಡಾಲರಿಗೂ ಮೀರಿ ಮಾರಾಟವಾಯಿತು. ಹಣ ಬಂದ ಕಡೆಗೆ ಕೂಟಶಾಸನವೂ ಬರುತ್ತದೆ. ದತ್ತಿಯ ಭೂಮಿಗಾಗಿ ಹುಸಿ ತಾಮ್ರಪಟ ಬರೆಸಿದವರಿಗೂ, ಬೆಲೆಗಾಗಿ ಎಂಜಿನ್ನಿನ ಮೇಲೆ ಹುಸಿ ಅಂಕಿ ಹೊಡೆಸುವವರಿಗೂ ಕಾಲದ ಅಂತರವಿದೆಯೇ ಹೊರತು ಸ್ವಭಾವದ ಅಂತರವಿಲ್ಲ.

ಹಾಗಾದರೆ ದಿಟವನ್ನು ತಿಳಿಯುವುದು ಹೇಗೆ? ನಾನು ಕಲಿತಷ್ಟನ್ನು ಕ್ರಮವಾಗಿ ಹೇಳುತ್ತೇನೆ.

ಮೊದಲನೆಯದು ತಗಡು. ಬಾನೆಟ್ಟಿನ ಕೆಳಗೆ ಕಾರಿನ ಮೈಗೆ ಬಡಿದ ಗುರುತಿನ ಫಲಕವಿರುತ್ತದೆ. ಅದರಲ್ಲಿ ಮಾದರಿ, ಬಾಡಿಯ ಸಂಖ್ಯೆ, ಬಣ್ಣ ಮುಂತಾದುವು ಸಂಕೇತಗಳಲ್ಲಿರುತ್ತವೆ. ಆ ಕಾಲದ ಫಾಲ್ಕನ್ನಿನ ಫಲಕ ಎಂಜಿನ್ನಿಗೆ ಒಂದು ಸಂಕೇತ, ಗೇರ್‌ಬಾಕ್ಸಿಗೆ ಒಂದು ಸಂಕೇತ ಎಂದು ಬೇರೆಬೇರೆ ಹೇಳುವಷ್ಟು ಉದಾರವಾದದ್ದು. ಆದರೆ ಫಲಕವನ್ನು ಹಿಡಿದಿರುವುದು ಒಂದೆರಡು ಮೊಳೆ. ಬಿಚ್ಚಿ ಇನ್ನೊಂದಕ್ಕೆ ಬಡಿಯಬಹುದಾದ್ದರಿಂದ ಫಲಕದ ಮಾತನ್ನು ಒಂಟಿ ಸಾಕ್ಷಿಯ ಮಾತೆಂದೇ ಎಣಿಸಬೇಕು.

ಎರಡನೆಯದು ಎರಕದ ಅಂಕಿ. ಕುದಿಯುವ ಕಬ್ಬಿಣವನ್ನು ಅಚ್ಚಿಗೆ ಹೊಯ್ಯುವಾಗಲೇ ಮೂಡಿದ ಉಬ್ಬಂಕಿ ಇದು. ಹೋಲ್ಡನ್ನಿನ ಕೆಂಪು ಎಂಜಿನ್ನುಗಳ ಬ್ಲಾಕಿನ ಪಕ್ಕದಲ್ಲಿ ಗಾತ್ರದ ಅಂಕಿಯೇ ಹೀಗೆ ಉಬ್ಬಿ ನಿಂತಿರುತ್ತದೆ. ಅದನ್ನು ಉಜ್ಜಿ ಅಳಿಸಬಹುದು, ಇನ್ನೊಂದನ್ನು ಅಲ್ಲಿ ಬೆಳೆಸುವುದು ಕಷ್ಟ. ಕೆಲವು ಎರಕಗಳು ತಾವು ಹುಟ್ಟಿದ ದಿನವನ್ನೂ ಹೇಳುತ್ತವೆ. ಫಾಲ್ಕನ್ ಜಿ.ಟಿ.-ಎಚ್.ಓ. ಕಾರಿನ 351ರ ಎಂಜಿನ್ ಅಮೆರಿಕದ ಒಹಾಯೊ ಪ್ರಾಂತದ ಕ್ಲೀವ್‌ಲ್ಯಾಂಡಿನಲ್ಲಿ ತಯಾರಾಗಿ ಹಡಗಿನಲ್ಲಿ ಬಂದದ್ದು. ಎರಕದ ದಿನಾಂಕ ಅದರ ಮೈಮೇಲೆ ಸಂಕೇತದಲ್ಲಿದೆ. ಇಲ್ಲಿ ಒಂದು ಸರಳವಾದ ತರ್ಕ ನೆರವಿಗೆ ಬರುತ್ತದೆ. ಕಾರು ಹುಟ್ಟುವುದಕ್ಕೆ ಮೊದಲು ಎಂಜಿನ್ ಹುಟ್ಟಿರಲೇಬೇಕು. ಸಾಗರ ದಾಟಿ ಬರುವ ಕಾಲವನ್ನೂ ಕೂಡಿಸಿಕೊಳ್ಳಬೇಕು. ಎರಕದ ದಿನಾಂಕ ಕಾರಿನ ದಿನಾಂಕಕ್ಕಿಂತ ಈಚಿನದಾದರೆ ಮುಂದಿನ ವಾದವೇ ಬೇಕಿಲ್ಲ. ಅಜ್ಜನ ಕಾಲದ ದಾನಪತ್ರದಲ್ಲಿ ಮೊಮ್ಮಗನ ಬಿರುದು ಕಾಣಿಸಿಕೊಂಡ ಹಾಗೆ.

ಮೂರನೆಯದು ಉಳಿಯಿಂದ ಹೊಡೆದ ಅಂಕಿ. ನಮ್ಮ ಆರ್.ಸಿ. ಪುಸ್ತಕದಲ್ಲಿ ಎಂಜಿನ್ ನಂಬರು, ಛಾಸಿ ನಂಬರು ಎಂದು ಇರುತ್ತವಲ್ಲ, ಅದೇ ಜಾತಿ. ಇದು ಉಬ್ಬಲ್ಲ, ತಗ್ಗು. ಆ ಕಾಲದ ಫಾಲ್ಕನ್ನುಗಳಲ್ಲಿ ಕಾರಿನ ಸಂಖ್ಯೆಯನ್ನೇ ಎಂಜಿನ್ನಿನ ಮೇಲೂ ಹೊಡೆಯುತ್ತಿದ್ದರು. ಎರಡೂ ಒಂದಾದರೆ ‘ಸಂಖ್ಯೆ ಕೂಡಿದ ಕಾರು’ ಎಂದು ಅಲ್ಲಿಯವರು ಹಿಗ್ಗುತ್ತಾರೆ. ಇ.ಎಚ್. ಹೋಲ್ಡನ್ನಿನಲ್ಲಿ ಹಾಗಲ್ಲ, ಎಂಜಿನ್ನಿನ ಸಂಖ್ಯೆಯ ಸಾಲೇ ಬೇರೆ, ಬಾಡಿಯ ಸಂಖ್ಯೆಯ ಸಾಲೇ ಬೇರೆ. ಯಾವುದು ಯಾವುದರ ಜೊತೆಯಲ್ಲಿ ಹೊರಟಿತೆಂಬುದನ್ನು ಕಬ್ಬಿಣ ಹೇಳುವುದಿಲ್ಲ; ಹಳೆಯ ನೋಂದಣಿಯ ಕಾಗದ, ಮಾರಾಟದ ರಸೀತಿ ಹೇಳಬೇಕು. ಹೊಡೆದ ಅಂಕಿಗೆ ಇನ್ನೊಂದು ದೌರ್ಬಲ್ಯವುಂಟು. ಆ ಜಾಗವನ್ನು ಅರದಿಂದ ಸವೆಸಿ ಹೊಸ ಅಂಕಿ ಹೊಡೆಯಬಹುದು. ಆದರೆ ಬಲ್ಲವರ ಕಣ್ಣು ಅಂಕಿಗಿಂತ ಮೊದಲು ಅದರ ಸುತ್ತಲಿನ ಲೋಹವನ್ನು ನೋಡುತ್ತದೆ. ಕಾರ್ಖಾನೆಯ ಯಂತ್ರ ಕೆತ್ತಿದ ಮೈಯಲ್ಲಿ ಸಣ್ಣ ಸಮಾನಾಂತರ ಗೀರುಗಳಿರುತ್ತವೆ. ಅರ ಆಡಿಸಿದ ಕಡೆ ಅವು ಮಾಯವಾಗಿರುತ್ತವೆ. ಶಾಸನದ ಅಕ್ಷರವನ್ನು ಓದುವ ಮೊದಲು ಕಲ್ಲನ್ನು ಓದಬೇಕೆಂದು ನನ್ನ ಗುರುಗಳು ಹೇಳುತ್ತಿದ್ದರು.

ನಾಲ್ಕನೆಯದು ದೇಹದ ನೆನಪು. ಯಾರೋ ಮೋಸಕ್ಕೆಂದು ಮಾಡದ, ಅಳಿಸಲು ಯಾರಿಗೂ ತೋಚದ ಚಿಕ್ಕಪುಟ್ಟ ಗುರುತುಗಳು. ಆಟೊಮ್ಯಾಟಿಕ್ ಕಾರಿಗೆ ಕ್ಲಚ್ಚು ಇರುವುದಿಲ್ಲವಾದ್ದರಿಂದ ಬ್ರೇಕಿನ ಪೆಡಲು ಅಗಲ. ಕೈಗೇರಿನ ಕಾರಿನಲ್ಲಿ ಚಿಕ್ಕ ಪೆಡಲು ಎರಡು. ಆಮೇಲೆ ಕೊರೆದ ತೂತಿನ ಅಂಚಿಗೂ ಕಾರ್ಖಾನೆಯಲ್ಲಿ ಬಣ್ಣಕ್ಕೆ ಮೊದಲೇ ಒತ್ತಿದ ತೂತಿನ ಅಂಚಿಗೂ ವ್ಯತ್ಯಾಸವಿರುತ್ತದೆ. ಎಂಜಿನ್ ಬದಲಾದೀತು, ಗೇರ್‌ಬಾಕ್ಸ್ ಬದಲಾದೀತು; ಅವುಗಳನ್ನು ಹೊತ್ತ ತಗಡು ಮರೆಯುವುದಿಲ್ಲ.

ಇಷ್ಟರ ಮೇಲೆ ಒಂದು ಎಚ್ಚರಿಕೆಯ ಮಾತು. ಮೂಲವೆಂದರೆ ಶ್ರೇಷ್ಠ ಎಂದು ಅರ್ಥವಲ್ಲ. ನಾನು ಆಗಲೇ ಹೇಳಿದ ಚಾರ್ಜರ್ ಕಾರನ್ನೇ ನೋಡಿ. 1971ರಲ್ಲಿ ಪಂದ್ಯಕ್ಕೆಂದು ಹೊರಟ ಅದರ ಇ38 ಎಂಬ ಪ್ರಭೇದದಲ್ಲಿ 265 ಘನ ಅಂಗುಲದ ಆರು ಸಿಲಿಂಡರಿನ ಎಂಜಿನ್ನಿಗೆ ಇಟಲಿಯ ಮೂರು ವೆಬರ್ ಕಾರ್ಬುರೇಟರುಗಳನ್ನು ಇಟ್ಟಿದ್ದರು. ಅಂಥ ಪ್ರಚಂಡ ಎಂಜಿನ್ನಿಗೆ ಜೊತೆಯಾದದ್ದು ಮೂರೇ ಗೇರಿನ ಪೆಟ್ಟಿಗೆ! ನಾಲ್ಕು ಗೇರು ಬಂದದ್ದು 1972ರ ಇ49ರಲ್ಲಿ. ಅವು ನೂರೈವತ್ತಕ್ಕೆ ಒಂದು ಕಡಿಮೆ. ಯಾರಾದರೂ ತಮ್ಮ ಇ38ಕ್ಕೆ ಆಮೇಲೆ ನಾಲ್ಕು ಗೇರಿನ ಪೆಟ್ಟಿಗೆ ಹಾಕಿಸಿದರೆ ಕಾರು ಚೆನ್ನಾಗಿ ಓಡೀತು, ನಿಜ. ಆದರೆ ಅಂದು ಆ ಕಾರ್ಖಾನೆಯ ಕೈಯಲ್ಲಿ ಏನಿತ್ತು, ಏನಿರಲಿಲ್ಲ, ಎಂಥ ಅವಸರದಲ್ಲಿ ಅವರು ಕಣಕ್ಕಿಳಿದರು ಎಂಬ ಕಥೆ ಅಲ್ಲಿಂದ ಅಳಿಸಿಹೋಗುತ್ತದೆ. ಲಿಪಿಕಾರ ತನ್ನ ಜಾಣತನದಿಂದ ಕವಿಯ ಪದ್ಯವನ್ನು ತಿದ್ದಿ ಚೆಲುವಾಗಿಸಿದರೂ ಅದು ಪ್ರಕ್ಷಿಪ್ತವೇ ಅಲ್ಲವೆ? ಕೊರತೆಯೂ ಮೂಲದ ಒಂದು ಅಂಗ.

ಇನ್ನು ನಮ್ಮ ಮುದುಕರ ಶೆಡ್ಡಿಗೆ ಬರೋಣ.

ಒಂದು ಭಾನುವಾರ ಬೆಳಿಗ್ಗೆ ನಾವು ಮೂವರೂ ಬಾನೆಟ್ಟು ಎತ್ತಿ ನಿಂತೆವು. ಎಂಜಿನ್ ಕೆಂಪಗೆ ಹೊಳೆಯುತ್ತಿತ್ತು. ಗೇರು ಕೈಯಿಂದ ಹಾಕುವಂಥದು. ಗಾಳಿಶೋಧಕದ ಮೇಲೆ 179 ಎಂಬ ಚೀಟಿ ಅಂಟಿತ್ತು. ಮೊಮ್ಮಗನ ವಾದ ಇಷ್ಟೆ: 179 ಮತ್ತು ಕೈಗೇರು ಸೇರಿದೆ, ಆದ್ದರಿಂದ ಎಸ್4. ವಾದದಲ್ಲಿ ಒಂದು ಬಿರುಕು ಮೊದಲೇ ಇತ್ತು. ಪಂದ್ಯ ಮುಗಿದ ಮೇಲೆ ಸಾಮಾನ್ಯ ಗಿರಾಕಿಗೂ ಅದೇ ಜೋಡಿ ದೊರೆಯತೊಡಗಿತ್ತು. ಆದರೂ ಹುಡುಗನ ಮುಖದಲ್ಲಿದ್ದ ಆಸೆಯನ್ನು ನೋಡಿ ನಾನು ಸುಮ್ಮನಿದ್ದೆ. ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಅವನು ಬ್ಲಾಕಿನ ಪಕ್ಕವನ್ನು ಉಜ್ಜಿದ. ಜಿಡ್ಡು ಪದರಪದರವಾಗಿ ಎದ್ದುಬಂತು. ಮೊದಲು 1 ಕಂಡಿತು. ಅನಂತರ ಕಂಡದ್ದು 7 ಅಲ್ಲ, 8. ಕೊನೆಗೆ 6.

186ರ ಎಂಜಿನ್ ಹುಟ್ಟಿದ್ದು 1966ರಲ್ಲಿ, ಎಚ್.ಆರ್. ಮಾದರಿಯ ಜೊತೆಗೆ. ಇ.ಎಚ್. ಕಾರಿನ ತಯಾರಿಕೆ ನಿಂತದ್ದು 1965ರ ಆರಂಭದಲ್ಲಿ. ಹುಡುಗ ಎರಡು ಸಲ ಲೆಕ್ಕ ಹಾಕಿದ. ನಾನು ಬಗ್ಗಿ ಪೆಡಲುಗಳನ್ನು ನೋಡಿದೆ. ಕ್ಲಚ್ಚಿನ ಪೆಡಲು ಇತ್ತು. ಅದರ ಪಕ್ಕದಲ್ಲಿಯೇ ಇದ್ದ ಬ್ರೇಕಿನ ಪೆಡಲಿನ ಎಡಭಾಗವನ್ನು ಗರಗಸದಿಂದ ಕತ್ತರಿಸಿ ಚಿಕ್ಕದು ಮಾಡಿದ್ದರು. ಕತ್ತರಿಸಿದ ಅಂಚು ಇನ್ನೂ ಒರಟಾಗಿತ್ತು. ಈ ಕಾರು ಹುಟ್ಟಿದ್ದು ಹೈಡ್ರಮ್ಯಾಟಿಕ್ ಪೆಟ್ಟಿಗೆಯೊಡನೆ. ಎಂಜಿನ್ ಅದರದಲ್ಲ, ಗೇರ್‌ಬಾಕ್ಸೂ ಅದರದಲ್ಲ.

“ನಿಮಗೆ ಗೊತ್ತಿತ್ತೆ, ಅಜ್ಜ?” ಎಂದ ಮೊಮ್ಮಗ.

“ಪೆಡಲು ಕತ್ತರಿಸಿದವನೇ ನಾನು” ಎಂದರು ಮುದುಕರು.

ಆ ವಾರ ಮನೆಯಲ್ಲಿ ಮಾತು ಬಿಗಿಯಾಯಿತೆಂದು ಬೇಲಿಯ ಈಚೆಗೂ ತಿಳಿಯುತ್ತಿತ್ತು. ವರ್ಕ್‌ಷಾಪು ಇಟ್ಟುಕೊಂಡಿದ್ದ ಯಾರೋ ಒಬ್ಬ ಹುಡುಗನಿಗೆ ಉಪಾಯ ಹೇಳಿದ್ದ. ಗುಜರಿಯಲ್ಲಿ 179ರ ಬ್ಲಾಕು ಸಿಗುತ್ತದೆ. ಕಾರಿನ ಹಳೆಯ ಕಾಗದದಲ್ಲಿರುವ ಸಂಖ್ಯೆಯನ್ನು ಅದರ ಮೇಲೆ ಹೊಡೆದರಾಯಿತು. ಅಗಲದ ಪೆಡಲೂ ಸಿಗುತ್ತದೆ. ಎಸ್4 ಆಗದಿದ್ದರೂ ‘ಪೂರ್ತಿ ಮೂಲದ್ದು’ ಎಂದು ಮಾರಬಹುದು. ಗುರುತಿನ ಸಂಖ್ಯೆಯನ್ನು ಮೋಸದಿಂದ ತಿದ್ದುವುದು ಅಪರಾಧವೆಂದು ಹುಡುಗನಿಗೆ ಗೊತ್ತಿರಲಿಲ್ಲವೆಂದಲ್ಲ. ಆದರೆ ಅವನು ನನ್ನೊಡನೆ ಆಡಿದ ಮಾತನ್ನು ಅಷ್ಟು ಸುಲಭವಾಗಿ ತಳ್ಳಿಹಾಕಲು ನನಗಾಗಲಿಲ್ಲ. “ಈ ಹಣ ನನಗಲ್ಲ ಸರ್, ಅವರಿಗೇ. ಒಂದು ಅಂಕಿಯಿಂದ ಯಾರಿಗೆ ನಷ್ಟ?” ಎಂದ.

ಉತ್ತರ ನನ್ನಿಂದ ಬರಲಿಲ್ಲ. ಮುದುಕರೇ ಒಂದು ಸಂಜೆ ನಮ್ಮಿಬ್ಬರನ್ನೂ ಚಪ್ಪರದ ಕೆಳಗೆ ಕೂರಿಸಿಕೊಂಡು, ಕಪ್ಪು ರಟ್ಟಿನ ಒಂದು ನೋಟು ಪುಸ್ತಕವನ್ನು ಮುಂದಿಟ್ಟರು. ಕಾರು ಕೊಂಡ ದಿನದಿಂದ ಹಾಕಿಸಿದ ಎಣ್ಣೆ, ಬದಲಿಸಿದ ಟೈರು, ಕೊಟ್ಟ ಕಾಸು ಎಲ್ಲವೂ ಇಟಾಲಿಯನ್ ಭಾಷೆಯ ಸಣ್ಣ ಅಕ್ಷರಗಳಲ್ಲಿ ಅಲ್ಲಿದ್ದುವು. 1971ರ ಒಂದು ಪುಟದಲ್ಲಿ ಹೈಡ್ರಮ್ಯಾಟಿಕ್ ಕೆಟ್ಟದ್ದು, ಅದನ್ನು ಸರಿಮಾಡಿಸುವಷ್ಟು ಹಣವಿಲ್ಲದೆ ಕೈಗೇರಿನ ಪೆಟ್ಟಿಗೆ ತಂದದ್ದು, ಪೆಡಲು ಕತ್ತರಿಸಿದ್ದು. ಆ ವರ್ಷ ಅವರ ಮಗಳು, ಅಂದರೆ ಈ ಹುಡುಗನ ತಾಯಿ, ಹುಟ್ಟಿದ್ದಳು. 1975ರ ಪುಟದಲ್ಲಿ ಬ್ಲಾಕು ಬಿರಿದದ್ದು. ಗೀಲಾಂಗ್ ರಸ್ತೆಯ ಗುಜರಿಯಿಂದ ತಂದ 186ರ ಎಂಜಿನ್ನಿನ ಸಂಖ್ಯೆ, ಬೆಲೆ. ಅದನ್ನು ಕೂರಿಸಲು ಸಾಲಿನ ಗೆಳೆಯರಿಬ್ಬರು, ಒಬ್ಬ ಗ್ರೀಕ್, ಒಬ್ಬ ತುರ್ಕಿ, ಭಾನುವಾರ ಪೂರ್ತಿ ದುಡಿದರೆಂದೂ, ಹೆಂಡತಿ ಮಾಡಿದ ಅಡಿಗೆ ಏನೆಂದೂ ಕೆಳಗೆ ಬರೆದಿದ್ದರು.

“ನಾನು ಜೋಡಿಸಿ ಕಳಿಸಿದ ಎಂಜಿನ್ನುಗಳಿಗೆ ಲೆಕ್ಕವಿಲ್ಲ” ಎಂದರು ಅವರು. “ಒಂದೂ ನನ್ನ ಹೆಸರಿನಲ್ಲಿಲ್ಲ. ಇದೊಂದೇ ನನ್ನದು. ಇದರ ಮೇಲೆ ಇನ್ನೊಂದರ ನಂಬರು ಹೊಡೆದರೆ ಆ ಭಾನುವಾರ ನಡೆಯಲೇ ಇಲ್ಲ ಎಂದ ಹಾಗಾಗುತ್ತದೆ.”

ಅಂದು ರಾತ್ರಿ ಆ ಮಾತನ್ನೇ ಮೆಲುಕು ಹಾಕಿದೆ. ಆ ದೇಶದ ಕಾರ್ಖಾನೆಗಳ ಕಥೆ ಆ ವೇಳೆಗೆ ಮುಗಿದಿತ್ತು. ಒಂದು ಕಾಲಕ್ಕೆ ವಿದೇಶದ ಕಾರಿನ ಮೇಲೆ ನೂರಕ್ಕೆ ಐವತ್ತಕ್ಕೂ ಮೀರಿದ್ದ ಸುಂಕ 2010ರ ಹೊತ್ತಿಗೆ ನೂರಕ್ಕೆ ಐದಕ್ಕೆ ಇಳಿಯಿತು. 2016ರ ಅಕ್ಟೋಬರ್ 7ರಂದು ಫೋರ್ಡ್ ಸಂಸ್ಥೆಯ ಬ್ರಾಡ್‌ಮೆಡೋಸ್ ಕಾರ್ಖಾನೆ ಕಾರು ಮಾಡುವುದನ್ನು ನಿಲ್ಲಿಸಿತು. 2017ರ ಅಕ್ಟೋಬರ್ 20ರಂದು ಅಡಿಲೇಡಿನ ಹೊರವಲಯದ ಎಲಿಜಬೆತ್ ಕಾರ್ಖಾನೆಯಿಂದ ಕೊನೆಯ ಹೋಲ್ಡನ್ ಹೊರಬಂತು. 2020ರಲ್ಲಿ, ನಾನು ಊರಿಗೆ ಮರಳಿದ ಮೇಲೆ, ಹೋಲ್ಡನ್ ಎಂಬ ಹೆಸರನ್ನೇ ಕೈಬಿಟ್ಟರು. ಸಾಲುಗಳು ಕಳಚಿದುವು, ಅಲ್ಲಿ ನಿಂತು ದುಡಿದವರು ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ. ಉಳಿದಿರುವುದು ಶೆಡ್ಡುಗಳಲ್ಲಿ ನಿಂತ ಕಾರುಗಳು, ಅವುಗಳ ಮೈಮೇಲಿನ ಅಂಕಿಗಳು. ಮುಂದೆ ಬರೆಯುವ ಇತಿಹಾಸಕಾರ ಈ ಅಂಕಿಗಳನ್ನೇ ನಂಬಬೇಕು. ಒಂದು ಹುಸಿ ಅಂಕಿಯಿಂದ ಕೊಂಡವನೊಬ್ಬನಿಗೆ ಮಾತ್ರ ನಷ್ಟವಲ್ಲ. ದಿಟದ ಅಂಕಿಗಳೆಲ್ಲವೂ ಅಂದಿನಿಂದ ಸಂದೇಹಕ್ಕೆ ಗುರಿಯಾಗುತ್ತವೆ. ಹುಡುಗನ ಪ್ರಶ್ನೆಗೆ ನನ್ನ ಉತ್ತರ ಇದೇ. ಹೇಳುವ ಹೊತ್ತಿಗೆ ತೋಚಲಿಲ್ಲ, ಅಷ್ಟೆ.

ಕಾರ್ಖಾನೆಯ ಮೂಲ ಜೋಡಣೆ ಒಂದು ಸತ್ಯವನ್ನು ಹೇಳುತ್ತದೆ: ದೇಶವೊಂದು ಅಂದು ಏನನ್ನು ಮಾಡಬಲ್ಲದಾಗಿತ್ತು, ಏಕೆ ಹಾಗೆ ಮಾಡಿತು ಎಂಬುದನ್ನು. ಆಮೇಲಿನ ಬದಲಾವಣೆ ಇನ್ನೊಂದು ಸತ್ಯವನ್ನು ಹೇಳುತ್ತದೆ: ಜನ ಅದನ್ನು ಇಟ್ಟುಕೊಂಡು ಹೇಗೆ ಬಾಳಿದರು ಎಂಬುದನ್ನು. ಬದಲಾವಣೆಯನ್ನು ಬದಲಾವಣೆಯೆಂದೇ ಬರೆದಿಟ್ಟರೆ ಎರಡು ಸತ್ಯಗಳೂ ಒಂದೇ ಶೆಡ್ಡಿನಲ್ಲಿ ನೆಮ್ಮದಿಯಾಗಿರುತ್ತವೆ. ಬದಲಾದುದನ್ನು ಮೂಲವೆಂದು ಹೇಳಿದ ಕ್ಷಣ ಎರಡೂ ಸಾಯುತ್ತವೆ.

ಕಾರು ಮಾರಾಟವಾಯಿತು. ಬೆಲೆ ಮೊಮ್ಮಗ ಎಣಿಸಿದ್ದಕ್ಕಿಂತ ಬಹಳ ಕಡಿಮೆ. ಆ ಕೊರತೆಯನ್ನು ತುಂಬಲು ಅವನು ಸಂಜೆಯ ಹೊತ್ತು ಇನ್ನೊಂದು ಕೆಲಸ ಹಿಡಿದನೆಂದು ಮಗಳು ಆಮೇಲೆ ತಿಳಿಸಿದಳು. ಕೊಂಡವರು ಪಕ್ಕದ ಊರಿನ ಒಬ್ಬ ಶಾಲಾ ಉಪಾಧ್ಯಾಯಿನಿ. ಎಂಜಿನ್ ಯಾವುದು, ಗೇರ್‌ಬಾಕ್ಸ್ ಯಾವುದು, ಯಾವ ವರ್ಷ ಬದಲಾಯಿತು ಎಂದು ಹುಡುಗ ಒಂದು ಹಾಳೆಯಲ್ಲಿ ಬರೆದು, ಅಜ್ಜನಿಂದ ರುಜು ಹಾಕಿಸಿ ಕೊಟ್ಟ. ನೋಟು ಪುಸ್ತಕವನ್ನು ಕೊಡುವ ಮಾತು ಬಂದಾಗ ಮಾತ್ರ ಮುದುಕರು ಒಂದು ದಿನ ಬೇಕೆಂದರು. ಮರುದಿನ ಅದನ್ನು ತಂದು ತಾವೇ ಡ್ಯಾಷ್‌ಬೋರ್ಡಿನ ಗೂಡಿನಲ್ಲಿಟ್ಟು ಮುಚ್ಚಿದರು. ಆ ಹೆಂಗಸು ಎಂಜಿನ್ ಚಾಲೂ ಮಾಡಿ, ಕ್ಲಚ್ಚು ಒತ್ತಿ, ಅಂಚು ಒರಟಾದ ಆ ಪೆಡಲಿನ ಮೇಲೆ ಕಾಲಿಟ್ಟಾಗ, “ಮೆಲ್ಲಗೆ, ಎಡಗಡೆ ಸ್ವಲ್ಪ ಚುಚ್ಚುತ್ತದೆ” ಎಂದರು.